ಕಣ್ಣೊಳಗಿನ ಕಿಟಕಿ

ಹನ್ನೊಂದನೆಯ ಕಂತು

"ನನ್ ಮಗನ ಕಣ್ಣಾಗೆ ಒಂದು ಕಿಟಕಿ ಐತಲ್ಲ ಸ್ವಾಮಿ, ಅದು ಯಾರ ಮನೇದು?"

ಲಕ್ಷ್ಮೀದೇವಿ ಹೀಗೆ ಕೇಳಿದಾಗ ವೆಂಕಟರಾಮಯ್ಯ ತುಟಿಗೆ ತಂದಿದ್ದ ಕಾಫಿ ಲೋಟವನ್ನು ಹಾಗೆಯೇ ಕೆಳಗಿಟ್ಟರು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಕಿಟಕಿ ಸ್ವಾಮಿ. ಕರಿ ಗುಡ್ಡೆ ಒಳಗೆ ಬೆಳ್ಳಗೆ ಚೌಕಾಕಾರಕ್ಕೆ ಕಾಣ್ತೈತಲ್ಲ, ಅದು. ನಡುವೆ ಸರಳು ಬೇರೆ ಐತೆ. ನನ್ ಮಗ ಕೆರೆ ಬಯಲಾಗೆ ಸತ್ತ ಅಂತೀರಾ. ಬಯಲಾಗೆ ಕಿಟಕಿ ಎಲ್ಲಿಂದ ಬಂತು?"

ಗೋಡೆಯ ಮೇಲಿನ ಪಟದಲ್ಲಿ ಚೇತನ್ ಕುಮಾರ್ ಹಾರ ಹಾಕಿಸಿಕೊಂಡು ನಗುತ್ತಿದ್ದ. ಅದು ಅವನ ಕ್ಯಾಮೆರಾದಲ್ಲಿ ಸಿಕ್ಕ ಕೊನೆಯ ಫೋಟೋ. ನಾಲ್ಕು ತಾಲ್ಲೂಕಿನ ಮದುವೆಗಳಲ್ಲಿ ಊರವರಿಗೆಲ್ಲ ಫೋಟೋ ತೆಗೆದವನಿಗೆ ತನ್ನದೆಂದು ಒಂದು ಒಳ್ಳೆಯ ಫೋಟೋ ಇರಲಿಲ್ಲ. ಅದಕ್ಕೇ ನೆಂಟರು ಇದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು.

ತಾವರೆಕೆರೆಯ ಆ ಕೆರೆಯ ತೂಬಿನ ಗುಂಡಿಯಲ್ಲಿ ತಲೆ ಒಡೆದ ಚೇತನನ ಹೆಣ ಸಿಕ್ಕಿ ಇವತ್ತಿಗೆ ನಲವತ್ತೊಂದು ದಿನ. ಕೊಂದನೆಂಬ ಆರೋಪದ ಮೇಲೆ ಅವನ ಜೊತೆಗಾರ ಫೋಟೋಗ್ರಾಫರ್ ಸುಹೇಲ್ ಮಧುಗಿರಿಯ ಜೈಲಿನಲ್ಲಿದ್ದ.

ವೆಂಕಟರಾಮಯ್ಯ ಎದ್ದು ಪಟದ ಮುಂದೆ ನಿಂತರು. ಅಂಚಿನಲ್ಲಿ ಹಾರ ಕಂಡಿತು, ಸುಣ್ಣ ಎದ್ದ ಗೋಡೆ ಕಂಡಿತು, ಮೊಳೆಗೆ ಸಿಕ್ಕಿಸಿದ್ದ ಕ್ಯಾಲೆಂಡರಿನ ಬಣ್ಣ ಕಂಡಿತು. ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಬೂದಿ ಬಣ್ಣದ ಮಚ್ಚೆ. ಎರಡು ವರ್ಷದಿಂದ ಹಾಗೆಯೇ. ಕಣ್ಣಿನ ಪರದೆಯ ನಡುಭಾಗ ಸತ್ತಿದೆ ಎಂದಿದ್ದರು ಡಾಕ್ಟರು. ಯಾವುದನ್ನು ನೋಡಬೇಕೆಂದು ಕಣ್ಣು ತಿರುಗಿಸುತ್ತಾರೋ ಅದೇ ಮಾಯವಾಗುತ್ತಿತ್ತು.

ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಗೆ ಹೆಣಗಳ, ಬೆರಳಚ್ಚುಗಳ, ರಕ್ತದ ಕಲೆಗಳ ಫೋಟೋ ತೆಗೆದ ಮನುಷ್ಯ. ಈಗ ತಾಯಿಯೊಬ್ಬಳು ಬೆರಳಿಟ್ಟು ತೋರಿಸುತ್ತಿದ್ದರೂ ಕಾಣದೆ ನಿಂತಿದ್ದರು.

"ಸರಳು ಹೆಂಗಿದೆ ಲಕ್ಷ್ಮೀದೇವಮ್ಮ? ಒಂದೇ ಇದೆಯಾ?"

"ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಸ್ಕೂಲಾಗೆ ಕೂಡೋ ಲೆಕ್ಕಕ್ಕೆ ಹಾಕ್ತಾರಲ್ಲ, ಅಂಗೆ."

ವೆಂಕಟರಾಮಯ್ಯನವರ ಕೈ ನಿಧಾನವಾಗಿ ಗೋಡೆ ಹುಡುಕಿ ಅದಕ್ಕೆ ಆತುಕೊಂಡಿತು. ಹದಿನೈದು ದಿನದಿಂದ ಕಟ್ಟಿಕೊಂಡು ಬಂದದ್ದೆಲ್ಲ ಒಂದೇ ಮಾತಿಗೆ ಕುಸಿದಿತ್ತು.

ಸುಹೇಲ್ ಮತ್ತು ಚೇತನ್ ಹತ್ತಿರ ಬೆಲೆ ಬಾಳುವ ಲೈಟುಗಳು ಇರಲಿಲ್ಲ. ಫ್ಲ್ಯಾಷನ್ನು ಕ್ಯಾಮೆರಾದ ತಲೆಯ ಮೇಲಿಂದ ಇಳಿಸಿ ಪಕ್ಕಕ್ಕೆ ತಂದರೆ ಮುಖಕ್ಕೆ ಜೀವ ಬರುತ್ತದೆ ಎಂದು ಅವರಿಗೆ ಕಲಿಸಿದವರೇ ವೆಂಕಟರಾಮಯ್ಯ. ಅದಕ್ಕೆ ಬೇಕಾದ ಸಾಮಾನನ್ನು ಸುಹೇಲ್ ಗುಜರಿಯಿಂದ, ಅಡುಗೆಮನೆಯಿಂದ ತಾನೇ ಮಾಡಿಕೊಂಡಿದ್ದ. ಅಂಥ ಎರಡು ದೀಪಗಳಿದ್ದವು.

ಒಂದು ಅಲ್ಯೂಮಿನಿಯಂ ಬೋಗುಣಿ. ತಳಕ್ಕೆ ತೂತು ಕೊರೆದು ಫ್ಲ್ಯಾಷ್ ತೂರಿಸಿ, ನೀರಿನ ಪೈಪಿನ ಕಂಬಕ್ಕೆ ನಟ್ಟು ಹಾಕಿ ಬಿಗಿದದ್ದು. ಕಂಬದ ಕಾಲು ಪೇಂಟ್ ಡಬ್ಬದ ಕಾಂಕ್ರೀಟಿನಲ್ಲಿ. ಗಾಳಿ ಬಂದರೂ ಬೀಳುವುದಿಲ್ಲ, ಹಿಡಿಯಲು ಯಾರೂ ಬೇಕಿಲ್ಲ. ಇನ್ನೊಂದು ಮೀನಿನಂಗಡಿಯ ಥರ್ಮಾಕೋಲ್ ಪೆಟ್ಟಿಗೆ. ಒಳಗೆಲ್ಲ ಬೆಳ್ಳಿ ಹಾಳೆ, ಬಾಯಿಗೆ ಬಿಳಿ ಪಂಚೆಯ ಬಟ್ಟೆ. ಬಟ್ಟೆ ಹರಿದಾಗ ಸುಹೇಲ್ ಕರೀ ಟೇಪನ್ನು ಅಡ್ಡ ಉದ್ದ ಅಂಟಿಸಿದ್ದ. ಅದಕ್ಕೆ ಕಂಬವಿಲ್ಲ. ಒಬ್ಬರು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೇ ನಿಲ್ಲಬೇಕು.

ಎದುರಿಗಿರುವ ದೀಪ ಕಣ್ಣಿನಲ್ಲಿ ತನ್ನ ಆಕಾರವನ್ನೇ ಮೂಡಿಸುತ್ತದೆ. ಬೋಗುಣಿಯಾದರೆ ಗುಂಡು ಚುಕ್ಕೆ, ಪೆಟ್ಟಿಗೆಯಾದರೆ ಚೌಕ.

ಸುಹೇಲನ ತಂಗಿ ಅಫ್ಸಾನಾ ಅದೇ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ ಮೂರು ಸಲ ಹೇಳಿದ್ದಳು: "ಗುಂಡಗಿದೆ ಸರ್. ಚಂದ್ರನ ಥರ."

ಗುಂಡಗಿದ್ದರೆ ಅಲ್ಲಿ ಇನ್ನೊಬ್ಬರು ಇರಲಿಲ್ಲ. ಚೇತನ್ ಒಬ್ಬನೇ ಬೋಗುಣಿ ದೀಪ ನಿಲ್ಲಿಸಿಕೊಂಡು, ಟೈಮರ್ ಹಾಕಿ ತನ್ನದೇ ಫೋಟೋ ತೆಗೆದುಕೊಂಡ. ಆಮೇಲೆ ಸಾಮಾನು ಸಾಗಿಸುವಾಗ ಏರಿಯ ಮೇಲಿಂದ ತೂಬಿಗೆ ಜಾರಿಬಿದ್ದ. ಸುಹೇಲನನ್ನು ಬಿಡಿಸಲು ವೆಂಕಟರಾಮಯ್ಯನವರ ಕೈಯಲ್ಲಿದ್ದದ್ದು ಇದೊಂದೇ ವಾದ.

"ಕೂತ್ಕಳಿ ಸ್ವಾಮಿ. ಮುಖ ಯಾಕೋ ಬಾಡೋಯ್ತು."

"ಲಕ್ಷ್ಮೀದೇವಮ್ಮ, ನಾನು ಸುಹೇಲನ ಪರವಾಗಿ ಓಡಾಡ್ತಿದ್ದೀನಿ. ನಿಮಗೆ ಗೊತ್ತಿದೆ. ಆದ್ರೂ ಕಾಫಿ ಕೊಟ್ರಿ."

ಆಕೆ ಸೆರಗಿನಿಂದ ಪಟದ ಗಾಜು ಒರೆಸಿದಳು.

"ಏಳು ವರ್ಸ ಆ ಹುಡುಗ ನನ್ ಮನೇಲಿ ಉಂಡವ್ನೆ. ಅವನೇ ಮಾಡಿದ್ನೋ ಇನ್ಯಾರು ಮಾಡಿದ್ರೋ. ಗೊತ್ತಾದ್ರೆ ನನ್ ಮಗ ಎದ್ದು ಬತ್ತಾನಾ, ಹೇಳಿ? ಬುಡಿ ಅತ್ಲಾಗೆ. ಎರಡು ತಟ್ಟೆ ಇಕ್ಕತಿದ್ದೆ. ಈಗ ಒಂದೂ ಇಲ್ಲ."

ವೆಂಕಟರಾಮಯ್ಯ ತಣ್ಣಗಾದ ಕಾಫಿ ಕುಡಿದು ಮುಗಿಸಿ ಕೋಲು ಕೈಗೆತ್ತಿಕೊಂಡರು.

ಹೊರಗೆ ಬಂದು ಹುಣಸೆಮರದ ನೆರಳಿನಲ್ಲಿ ನಿಂತು ಫೋನಿಗೆ ಹೆಸರು ಹೇಳಿದರು. ಅಕ್ಷರ ಕಾಣದವರಿಗೆ ಫೋನೇ ಹೆಸರು ಕೇಳಿಕೊಂಡು ಕರೆ ಮಾಡುವ ವ್ಯವಸ್ಥೆ ಅದು. ಆ ಕಡೆ ಎತ್ತಿದವನು ಸುಹೇಲನ ವಕೀಲ ಪ್ರಸನ್ನಕುಮಾರ್. ಮಧುಗಿರಿಯವನು, ಮೂವತ್ತೈದರ ಪ್ರಾಯ. ಸುಹೇಲನನ್ನು ಹಿಡಿದ ಮಾರನೆಯ ದಿನವೇ ತಾನಾಗಿ ಮುಂದೆ ಬಂದು ವಕಾಲತ್ತು ಹಾಕಿದ್ದ.

"ಪ್ರಸನ್ನ, ಕಣ್ಣಿನಲ್ಲಿರೋದು ಗುಂಡಲ್ಲಪ್ಪ. ಚೌಕ. ಪೆಟ್ಟಿಗೆ ದೀಪ ಅದು. ಯಾರೋ ಎತ್ತಿ ಹಿಡಿದಿದ್ದಾರೆ. ಅಲ್ಲಿ ಇನ್ನೊಬ್ಬರು ಇದ್ದರು."

"ನೀವು ನೋಡಿದ್ರಾ ಸರ್?"

"ನನಗೆಲ್ಲಿ ಕಾಣುತ್ತೆ? ಚೇತನನ ತಾಯಿ ನೋಡಿ ಹೇಳಿದರು."

"ಹಂಗಾದ್ರೆ ಕಷ್ಟ ಆಯ್ತಲ್ಲ. ಇವತ್ತೇ ಸುಹೇಲನ್ನ ಕೋರ್ಟಿಗೆ ಕರ್ಕೊಂಡು ಬರ್ತಾರೆ. ಅವನನ್ನ ಕೇಳಲಾ?"

"ಬೇಡ. ಇವತ್ತೊಂದು ದಿನ ಅವನಿಗೆ ಏನೂ ಹೇಳಬೇಡ. ಮೊದಲು ನಾನು ಅಫ್ಸಾನಾನ ಮಾತಾಡಿಸ್ತೀನಿ."

"ಆಯ್ತು ಸರ್. ನೀವು ಹೇಳಿದ ಹಾಗೆ."

ಶಿರಾ ಕಡೆಯ ಖಾಸಗಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ಅವರನ್ನು ಕೊರೆದದ್ದು ಒಂದೇ ಪ್ರಶ್ನೆ. ಅಫ್ಸಾನಾ ಆಲ್ಬಮ್ ಡಿಸೈನ್ ಮಾಡುವ ಹುಡುಗಿ. ಕೂದಲೆಳೆಯಷ್ಟು ಗೆರೆ ಆಚೀಚೆ ಆದರೂ ಕಂಡುಹಿಡಿಯುವ ಕಣ್ಣು. ಓದು ಬರಹ ಇಲ್ಲದ ಹೆಂಗಸಿಗೆ ಕಂಡ ಚೌಕ ಅವಳಿಗೆ ಗುಂಡಾಗಿ ಕಾಣಿಸಿದ್ದು ಹೇಗೆ?

ಉತ್ತರ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವಳ ಬಾಯಿಂದ ಕೇಳಬೇಕಾಗಿತ್ತು. ಬಸ್ಸು ಶಿರಾ ತಲುಪದೇ ಇದ್ದರೆ ಸಾಕು ಅನ್ನಿಸಿತು.

* * *

ಮಸೀದಿ ಹಿಂದಿನ ಗಲ್ಲಿಯಲ್ಲಿ ಸುಹೇಲನ ಮನೆ. ಮುಂದಿನ ಕೋಣೆಯೇ ಸ್ಟುಡಿಯೋ. ಅಫ್ಸಾನಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಒಳಗೆ ಅವಳ ತಾಯಿ ಖಾಜಾಬಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಬನ್ನಿ ಸರ್. ಊಟ ಆಯ್ತಾ?"

"ಆ ಫೋಟೋ ತೆಗಿ ಅಫ್ಸಾನಾ."

"ಮತ್ತೆ ಯಾಕೆ ಸರ್? ಮೂರು ಸಲ ನೋಡಿ ಹೇಳಿದೀನಲ್ಲ."

"ನಾಲ್ಕನೇ ಸಲ ನೋಡು."

ಮೌಸ್ ಕಿಟಕಿಟ ಅಂದಿತು. ಪರದೆಯ ಬೆಳಕು ಬದಲಾದದ್ದು ಅವರ ಕಣ್ಣಂಚಿಗೆ ತಿಳಿಯಿತು.

"ಎಡಗಣ್ಣು ದೊಡ್ಡದು ಮಾಡು."

"ಮಾಡಿದೆ."

"ಏನು ಕಾಣ್ತಿದೆ?"

"ಗುಂಡಗಿದೆ ಸರ್. ಅದೇ ಬೋಗುಣಿ ಲೈಟು."

ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ವೆಂಕಟರಾಮಯ್ಯನವರಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದಕ್ಕೆ.

"ತಾವರೆಕೆರೆಯಿಂದ ಬಂದೆ. ಲಕ್ಷ್ಮೀದೇವಮ್ಮ ಮಗನ ಕಣ್ಣೊಳಗೆ ಕಿಟಕಿ ಇದೆ ಅಂತಾರೆ. ನಡುವೆ ಸರಳು ಇದೆಯಂತೆ, ಅಡ್ಡ ಒಂದು, ಉದ್ದ ಒಂದು."

ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು. ಒಳಗೆ ಪಾತ್ರೆಯ ಸದ್ದು ನಿಂತಿತು.

"ಅಫ್ಸಾನಾ, ನನಗೆ ನಿನ್ನ ಮುಖ ಕಾಣಲ್ಲ. ಅಳ್ತಿದ್ದೀಯೋ, ತಲೆ ತಗ್ಗಿಸಿದ್ದೀಯೋ, ನನ್ನ ನೋಡಿ ನಗ್ತಿದ್ದೀಯೋ, ಏನೂ ಗೊತ್ತಾಗಲ್ಲ. ಬಾಯಿ ಬಿಟ್ಟು ಹೇಳಬೇಕು."

"ಕಾಣಲ್ಲ ಅಂತ ಗೊತ್ತಿತ್ತು ಸರ್." ಅವಳೆಂದಳು. "ಅದಕ್ಕೇ ನಿಮ್ಮ ಹತ್ರ ಬಂದೆ."

ಅವರು ಕುರ್ಚಿಯ ಕೈ ಹಿಡಿದುಕೊಂಡರು.

"ಕಣ್ಣು ಕಾಣೋರ ಹತ್ರ ಹೋಗಿದ್ರೆ ಒಂದು ನಿಮಿಷಕ್ಕೆ ಕಂಡುಹಿಡಿಯೋರು. ನಿಮಗೆ ಹೆಸರಿದೆ. ಪೊಲೀಸರೇ ನಿಮ್ಮ ಮಾತು ಕೇಳ್ತಾರೆ. ಗುಂಡಗಿದೆ ಅಂತ ನೀವು ಬರೆದುಕೊಟ್ರೆ ಕೋರ್ಟಿನಲ್ಲಿ ಇನ್ನೊಬ್ರು ತಿರುಗಿ ನೋಡಲ್ಲ ಅಂದ್ಕೊಂಡೆ. ತಪ್ಪಾಯ್ತು ಸರ್. ಬೇರೆ ದಾರಿ ಇರಲಿಲ್ಲ."

ಬಡವನಹಳ್ಳಿಯ ತಮ್ಮ ಮನೆಯ ಜಗಲಿಗೆ ಈ ಹುಡುಗಿ ಬಂದು, "ನೀವೇ ಅಣ್ಣನಿಗೆ ಬೆಳಕು ತೋರಿಸಿದ್ದು, ನೀವೇ ಉಳಿಸಬೇಕು" ಎಂದು ಅತ್ತ ದಿನ ಅವರು ಎರಡು ವರ್ಷದಲ್ಲಿ ಮೊದಲ ಸಲ ಗಡ್ಡ ಹೆರೆದುಕೊಂಡಿದ್ದರು. ಇನ್ನೂ ಒಂದು ಕೆಲಸಕ್ಕೆ ಬರುತ್ತೇನೆ ಎಂದು ನಂಬಿದ್ದರು. ಕೆಲಸಕ್ಕೆ ಬಂದದ್ದು ತಮ್ಮ ಕುರುಡು.

ಎದ್ದು ಹೋಗಿಬಿಡಬಹುದಾಗಿತ್ತು. ಹೋಗಲಿಲ್ಲ.

"ಯಾಕೆ ಸುಳ್ಳು ಹೇಳಿದೆ? ಪೆಟ್ಟಿಗೆ ಹಿಡಿದದ್ದು ಸುಹೇಲ್ ಅಂತ ನಿನಗೆ ಹೆಂಗೆ ಗೊತ್ತು?"

"ಪೆಟ್ಟಿಗೆ ಇಲ್ಲೇ ಇತ್ತು ಸರ್. ಆ ಭಾನುವಾರ ಎಂಟೂವರೆಗೆ ನಾನು ಮನೆಗೆ ಬಂದಾಗ ಈ ಬಾಗಿಲ ಪಕ್ಕ ಇತ್ತು. ತಳಕ್ಕೆಲ್ಲ ಕೆರೆ ಮಣ್ಣು. ಬೆಳಿಗ್ಗೆ ಅದು ಚೇತನ್ ಜೊತೆ ತಾವರೆಕೆರೆಗೆ ಹೋಗಿತ್ತು. ವಾಪಸ್ ತರೋಕೆ ಅಣ್ಣನಿಗೆ ಬಿಟ್ರೆ ಇನ್ಯಾರಿಗೆ ಆಗುತ್ತೆ? ಅಣ್ಣ ನೋಡಿದ್ರೆ ಐದೂವರೆಗೇ ಚೇತನ್ ಜೊತೆ ಜಗಳ ಮಾಡ್ಕೊಂಡು ಮಧುಗಿರಿ ರಿಸೆಪ್ಷನ್ನಿಗೆ ಹೊರಟುಬಿಟ್ಟೆ ಅಂತಾನೆ. ಸುಳ್ಳು ಹೇಳ್ತಿದಾನೆ ಅನ್ನಿಸ್ತು. ಪೊಲೀಸರು ಅವನನ್ನ ಕರ್ಕೊಂಡು ಹೋದ ದಿನ ಪೆಟ್ಟಿಗೆ ಮುರಿದು ಒಲೆಗೆ ಹಾಕಿಬಿಟ್ಟೆ."

"ಸುಟ್ಟುಬಿಟ್ಯಾ?"

"ಹೂಂ ಸರ್."

ಆ ಪೆಟ್ಟಿಗೆಯ ಮೇಲೆ ಯಾರ ಬೆರಳಿನ ಗುರುತಿತ್ತೋ. ವೆಂಕಟರಾಮಯ್ಯ ಕಣ್ಣು ಮುಚ್ಚಿಕೊಂಡರು. ಮುಚ್ಚಿದರೂ ತೆರೆದರೂ ಅದೇ ಮಚ್ಚೆ.

"ಪೆಟ್ಟಿಗೆ ಹಿಡಿಯೋದು ಯಾವಾಗಲೂ ನಿನ್ನ ಕೆಲಸ ಅಲ್ವಾ? ಅವತ್ತು ನೀನು ಯಾಕೆ ಹೋಗಲಿಲ್ಲ?"

ಅವಳು ಒಳಗಿನ ಬಾಗಿಲ ಕಡೆ ತಿರುಗಿ ದನಿ ತಗ್ಗಿಸಿದಳು.

"ಐದೂವರೆ ಬಸ್ಸಿಗೆ ತಾವರೆಕೆರೆಗೆ ಬರ್ತೀನಿ ಅಂತ ಅಣ್ಣನಿಗೆ ಹೇಳಿದ್ದೆ. ಹೋಗಲಿಲ್ಲ. ತುಮಕೂರಿಗೆ ಹೋಗಿದ್ದೆ, ಆಲ್ಬಮ್ ಪ್ರೆಸ್‌ನಲ್ಲಿ ಕೆಲಸ ಇದೆ ಅಂದಿದ್ರು. ಅಣ್ಣನಿಗೆ ಗೊತ್ತಾದ್ರೆ ನಮ್ಮನ್ನ ಬಿಟ್ಟು ಹೋಗ್ತೀಯಾ ಅಂತ ಬೇಜಾರು ಮಾಡ್ಕೊತಾನೆ. ಹೇಳಲಿಲ್ಲ. ಆಮೇಲೆ ಹೇಳೋಕೆ ಟೈಮೇ ಸಿಗಲಿಲ್ಲ ಸರ್. ಮಾರನೇ ದಿನ ಹೆಣ ಸಿಕ್ತು. ಅದರ ಮಾರನೇ ದಿನ ಕರ್ಕೊಂಡು ಹೋದ್ರು."

"ಅಂದರೆ ಈಗಲೂ ಸುಹೇಲ್ ಏನಂದುಕೊಂಡಿದ್ದಾನೆ?"

"ಏನು ಸರ್?"

"ಅವನು ಕೆರೆಯಿಂದ ಹೊರಟ ಮೇಲೆ ಅಲ್ಲಿಗೆ ಯಾರು ಬಂದರು ಅಂದುಕೊಂಡಿದ್ದಾನೆ?"

ಅವಳ ಕುರ್ಚಿ ಅವರ ಕಡೆ ತಿರುಗಿದ ಸದ್ದಾಯಿತು.

"ಜೈಲಿನಲ್ಲಿ ಅವನನ್ನ ನೋಡೋಕೆ ಹೋದಾಗ ಏನಂದ?"

"ಒಂದೇ ಮಾತು. 'ನೀನು ಯಾರ ಹತ್ರಾನೂ ಏನೂ ಮಾತಾಡಬೇಡ. ಆವತ್ತಿನ ಸುದ್ದಿ ಎತ್ತಲೇಬೇಡ' ಅಂದ. ನನ್ನ ಮುಖ ನೋಡಲಿಲ್ಲ. ತಾನು ಸಿಕ್ಕಿಬೀಳ್ತೀನಿ ಅಂತ ಹಂಗಂದ ಅಂದ್ಕೊಂಡೆ."

"ತನಗಾಗಿ ಅಲ್ಲ ತಾಯಿ. ರಿಸೆಪ್ಷನ್ ಮುಗಿಸಿ ಮನೆಗೆ ಬಂದಾಗ ಅವನೂ ಆ ಪೆಟ್ಟಿಗೆ ನೋಡಿದ್ದಾನೆ. ಮಣ್ಣಾದ ಪೆಟ್ಟಿಗೆ. ತರೋಕೆ ನಿನ್ನನ್ನು ಬಿಟ್ರೆ ಇನ್ಯಾರು ಅಂತ ಅವನೂ ಲೆಕ್ಕ ಹಾಕಿದ್ದಾನೆ. ಕಮಕ್ ಕಿಮಕ್ ಅನ್ನದೆ ಕೂತಿರೋದು ನಿನಗೋಸ್ಕರ."

ಅಫ್ಸಾನಾಳ ಗಂಟಲಿನಿಂದ ಹೊರಟ ಸದ್ದು ಅಳುವಿನಂತಿರಲಿಲ್ಲ. ಕುರ್ಚಿ ಹಿಂದಕ್ಕೆ ಸರಿಯಿತು. ಅವಳು ನೆಲದ ಮೇಲೆ ಕುಸಿದು ಕೂತದ್ದು ಅವರಿಗೆ ಕಪ್ಪು ನೆರಳೊಂದು ಕುಗ್ಗಿದ ಹಾಗೆ ಕಂಡಿತು.

"ನಲವತ್ತು ದಿನ ಸರ್. ನಾನೇ ಅಂತ ನಂಬ್ಕೊಂಡು ನಲವತ್ತು ದಿನ ಒಳಗೆ ಕೂತಿದಾನಾ? ನಾನು ಇಲ್ಲಿ ಅವನೇ ಅಂತ..."

ವೆಂಕಟರಾಮಯ್ಯ ಫೋನು ತೆಗೆದು ಪ್ರಸನ್ನಕುಮಾರನ ಹೆಸರು ಹೇಳಿದರು. ಸುಹೇಲನಿಗೆ ಒಂದೇ ಒಂದು ಮಾತು ಮುಟ್ಟಿಸಬೇಕಾಗಿತ್ತು, ನಿನ್ನ ತಂಗಿ ಅಲ್ಲಿಗೆ ಬಂದೇ ಇರಲಿಲ್ಲ ಎಂದು. ಫೋನು ಸ್ವಿಚ್ ಆಫ್ ಆಗಿತ್ತು. ಮತ್ತೆ ಮಾಡಿದರು. ಅದೇ.

"ಕೋರ್ಟ್ ಒಳಗಿರಬಹುದು," ಎಂದರು, ತಮಗೆ ತಾವೇ ಹೇಳಿಕೊಂಡಂತೆ.

ಒಳಬಾಗಿಲಿನ ಪರದೆ ಸರಿದ ಸದ್ದಾಯಿತು. ಖಾಜಾಬಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು.

"ಯಾವ ಡಬ್ಬದ ಮಾತು ಬೇಟಿ? ಬಿಳೀ ಡಬ್ಬಾನಾ? ಇಲಿ ಕಡಿದು ಹಾಳಾಯ್ತು, ಬಿಸಾಕ್ದೆ ಅಂದಿದ್ಯಲ್ಲ?"

ಅಫ್ಸಾನಾ ಮುಖವನ್ನು ಮಂಡಿಗೆ ಒತ್ತಿಕೊಂಡಳು.

"ಅದನ್ನ ತಂದಿಟ್ಟಿದ್ದು ಸುಹೇಲ್ ಅಲ್ವಲ್ಲ," ಖಾಜಾಬಿ ವೆಂಕಟರಾಮಯ್ಯನವರ ಕಡೆ ತಿರುಗಿದಳು. "ಚೇತನ್ ತಂದಿಟ್ಟೋಗಿದ್ದು."

ವೆಂಕಟರಾಮಯ್ಯ ಆಕೆಯ ದನಿಯ ಕಡೆ ಮುಖ ತಿರುಗಿಸಿದರು.

"ಚೇತನಾ? ಯಾವಾಗ?"

"ಅದೇ ಇತವಾರ, ಭಾನುವಾರ ಸಾರ್. ಇಶಾ ಅಜಾನ್ ಕೂಗ್ತಾ ಇತ್ತು, ನಾನು ವಜೂಗೆ, ಕೈಕಾಲು ತೊಳ್ಕೊಳ್ಳೋಕೆ ನೀರು ತಗೊಂಡಿದ್ದೆ. ಬಾಗ್ಲಲ್ಲಿ 'ಅಮ್ಮಾ' ಅಂದ. ಡಬ್ಬ ಇಟ್ಟ. ನೀರು ಕೇಳ್ದ, ಒಂದು ಚೊಂಬು ಪೂರಾ ಕುಡಿದ. 'ಸುಹೇಲ್ ಮೇಲೆ ಸುಮ್ಮಸುಮ್ಮನೆ ರೇಗಿಬುಟ್ಟೆ ಅಮ್ಮ, ನಾಳೆ ಬಂದು ಮಾತಾಡ್ತೀನಿ ಅನ್ನಿ' ಅಂದ. ಆ ಮಗಾನ ಅಷ್ಟೇ ನಾನು ನೋಡಿದ್ದು. ಸುಹೇಲ್ ಬರೋ ಹೊತ್ಗೆ ಮಲಗಿಬಿಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಹೆಣದ ಸುದ್ದಿ ಬಂತು, ಆ ಮಾತು ಅವನಿಗೆ ಹೇಳೋಕೇ ಆಗ್ಲಿಲ್ಲ."

ಇಶಾ ಅಜಾನ್, ರಾತ್ರಿ ನಮಾಜಿನ ಕರೆ. ಆ ವಾರ ಏಳೂ ಮುಕ್ಕಾಲಿಗೆ ಎಂದು ಅಫ್ಸಾನಾ ಮೆಲ್ಲಗೆ ಹೇಳಿದಳು.

ವೆಂಕಟರಾಮಯ್ಯ ಬೆರಳು ಮಡಿಚಿ ಲೆಕ್ಕ ಹಾಕತೊಡಗಿದರು. ಕೊನೆಯ ಫೋಟೋದ ಹೊತ್ತು ಸಂಜೆ ಆರು ಗಂಟೆ ಹತ್ತು ನಿಮಿಷ. ಅದಾದ ಕೂಡಲೇ ಕೊಲೆ ನಡೆದಿದೆ, ಸುಹೇಲ್ ಆಮೇಲೆ ಬೈಕಿನಲ್ಲಿ ಮಧುಗಿರಿಗೆ ಓಡಿದ್ದಾನೆ ಎಂಬುದು ಪೊಲೀಸರ ಲೆಕ್ಕ. ಸಾವು 'ಸಂಜೆ ಆರರಿಂದ ರಾತ್ರಿ ಹತ್ತರ ಒಳಗೆ' ಎಂದು ವೈದ್ಯರು ಬರೆದದ್ದನ್ನು ಪೊಲೀಸರು ಆ ಫೋಟೋದ ಹೊತ್ತಿಗೇ ನಿಲ್ಲಿಸಿಬಿಟ್ಟಿದ್ದರು. ಏಳೂ ಮುಕ್ಕಾಲಿಗೆ ಚೇತನ್ ಈ ಬಾಗಿಲಲ್ಲಿ ನಿಂತು ನೀರು ಕುಡಿದಿದ್ದರೆ? ಏಳು ಇಪ್ಪತ್ತರಿಂದ ರಾತ್ರಿ ಹನ್ನೊಂದರವರೆಗೆ ಸುಹೇಲ್ ಮಧುಗಿರಿಯ ಛತ್ರದಲ್ಲಿ ನಾನ್ನೂರು ಜನರ ನಡುವೆ ಫೋಟೋ ತೆಗೆಯುತ್ತಿದ್ದ. ಪ್ರತಿ ಫೋಟೋದ ಮೇಲೂ ಗಂಟೆ ನಿಮಿಷ ಇತ್ತು.

"ಅಮ್ಮೀ!" ಅಫ್ಸಾನಾ ಚೀರಿದಳು. "ಇದನ್ನ ಯಾಕೆ ಹೇಳಲಿಲ್ಲ? ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು ನನ್ನ?" ಖಾಜಾಬಿಯ ದನಿ ಒಡೆಯಿತು. "ಪೊಲೀಸ್ನೋರು ಬಂದ್ರು, ಮಗ ಎಲ್ಲಿ ಅಂದ್ರು, ಕರ್ಕೊಂಡೋದ್ರು. ನೀನು ಕೋರ್ಟು ಕಚೇರಿ ಅಂತ ಓಡಾಡ್ತೀಯಾ, ಮನೇಗ್ ಬಂದು ಬಾಗ್ಲು ಹಾಕ್ಕೊಂಡು ಅಳ್ತೀಯಾ. ಚೇತನ್ ಎಷ್ಟೊತ್ನಾಗೆ ಸತ್ತ, ಅದೂ ನನಗೆ ಯಾರೂ ಹೇಳ್ಲಿಲ್ಲ. ಆ ಡಬ್ಬದಾಗೆ ಏನೈತೆ ಅಂತ ನಾನು ಹೇಳ್ಲಿ?"

ಯಾರೂ ಕೇಳಿರಲಿಲ್ಲ, ನಿಜ. ವೆಂಕಟರಾಮಯ್ಯನವರೂ ಹದಿನೈದು ದಿನದಲ್ಲಿ ನಾಲ್ಕು ಸಲ ಈ ಕೋಣೆಗೆ ಬಂದಿದ್ದರು. ನಾಲ್ಕು ಸಲವೂ ಈಕೆಯ ಕೈಯಿಂದ ಚಹಾ ಕುಡಿದು ಹೋಗಿದ್ದರು.

"ಅವನೊಬ್ಬನೇ ಬಂದಿದ್ನಾ ಖಾಜಾಬಿ?"

"ಇಲ್ಲ ಸಾರ್. ಗಾಡಿ ಹಿಂದೆ ಒಬ್ರು ಕೂತಿದ್ರು. ಹೆಲ್ಮೆಟ್ ಹಾಕಿದ್ರು, ಇಳೀಲಿಲ್ಲ. ನೀರು ಬೇಕಾ ಅಂದೆ, ಬೇಡ ಅಂತ ಕೈ ಆಡಿಸಿದ್ರು. ಭುಜ ತಿಕ್ಕೊಂತಾ ಕೂತಿದ್ರು. ನೋವು ಬಂದೋರ ಥರ, ಒಂದ್ಸಲ ಈ ಭುಜ, ಒಂದ್ಸಲ ಆ ಭುಜ."

ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಅಭ್ಯಾಸವಿಲ್ಲದವರ ಭುಜ. ವೆಂಕಟರಾಮಯ್ಯ ಎರಡೂ ಕೈಯಿಂದ ಕೋಲು ಅದುಮಿ ಹಿಡಿದರು. ದೀಪ ಹಿಡಿದವರು ಚೇತನನ ಜೊತೆ ಇಲ್ಲಿಗೆ ಬಂದು, ಅವನ ಜೊತೆಯೇ ತಾವರೆಕೆರೆಯ ಕತ್ತಲಿಗೆ ವಾಪಸ್ ಹೋಗಿದ್ದರು.

"ಗಂಡಸೋ, ಹೆಂಗಸೋ?"

"ಗಂಡಸೇ. ಹೊರಡೋವಾಗ ಒಂದು ಮಾತಾಡಿದ್ರು. 'ಸಾಕು ಬಾರೋ, ಹೊತ್ತಾಯ್ತು' ಅಂದ್ರು ಚೇತನ್‌ಗೆ."

ಆಗ ಫೋನು ಹೊಡೆದುಕೊಂಡಿತು. ಪ್ರಸನ್ನಕುಮಾರ್ ಎಂದು ಅದು ಹೆಸರು ಕೂಗಿತು. ವೆಂಕಟರಾಮಯ್ಯ ಯಾವಾಗಲೂ ಮಾಡುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

"ಪ್ರಸನ್ನ! ಎಷ್ಟೊತ್ತಿನಿಂದ ಮಾಡ್ತಿದ್ದೀನಿ. ಸುಹೇಲನಿಗೆ ಈಗಲೇ..."

"ಸರ್, ತಡ ಆಗಿಹೋಯ್ತು." ಆ ಕಡೆಯ ದನಿ ಮೆತ್ತಗಿತ್ತು, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ. "ಸುಹೇಲ್ ಒಪ್ಪಿಕೊಂಡ. ನ್ಯಾಯಾಧೀಶರ ಮುಂದೆ ಕೈ ಮುಗಿದು, 'ದೀಪ ಹಿಡಿದಿದ್ದೂ ನಾನೇ, ಕೊಂದಿದ್ದೂ ನಾನೇ, ನಮ್ಮ ಮನೆಯವರಿಗೆ ಇದರಲ್ಲಿ ಏನೂ ಗೊತ್ತಿಲ್ಲ' ಅಂದುಬಿಟ್ಟ."

ಅಫ್ಸಾನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅವನಿಗೆ ದೀಪದ ವಿಷಯ ಹೆಂಗೆ ಗೊತ್ತಾಯ್ತು?" ವೆಂಕಟರಾಮಯ್ಯನವರ ದನಿ ತಮಗೇ ಕೇಳದಷ್ಟು ಸಣ್ಣದಾಗಿತ್ತು. "ಹೇಳಬೇಡ ಅಂದಿದ್ದೆನಲ್ಲ."

"ಬಾಯಿ ತಪ್ಪಿ ಬಂದುಬಿಡ್ತು ಸರ್. ಪೆಟ್ಟಿಗೆ ಹಿಡಿದೋರನ್ನ ಹುಡುಕ್ತಿದ್ದಾರೆ, ನಿನ್ನ ತಂಗಿನೇ ಯಾವಾಗಲೂ ಹಿಡಿಯೋದಲ್ವಾ ಅಂತ ಕೇಳಿದೆ, ಅಷ್ಟೇ. ಒಂದು ನಿಮಿಷ ನನ್ನ ಮುಖ ನೋಡಿದ. ಆಮೇಲೆ ನೇರ ಒಳಗೆ ಹೋಗಿ ಹೀಗೆ ಮಾಡಿದ. ರಾತ್ರಿಯೆಲ್ಲ ಯೋಚನೆ ಮಾಡು ಅಂತ ನ್ಯಾಯಾಧೀಶರು ಹೇಳಿದ್ದಾರೆ. ನಾಳೆ ಹನ್ನೊಂದಕ್ಕೆ ಹೇಳಿಕೆ ಬರೆದುಕೊಳ್ತಾರೆ. ಅಲ್ಲಿವರೆಗೂ ಯಾರೂ ಅವನನ್ನ ನೋಡೋ ಹಾಗಿಲ್ಲ, ನಾನೂ ಕೂಡ. ನೀವು ಬರೋದೂ ಬೇಡ ಸರ್. ಸುಮ್ಮನೆ ಆಯಾಸ."

ವೆಂಕಟರಾಮಯ್ಯ ಬಾಯಿ ತೆರೆದರು. ಏಳೂ ಮುಕ್ಕಾಲಿನ ಸುದ್ದಿ ನಾಲಿಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ಒದ್ದೆ ಕೈಯೊಂದು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಖಾಜಾಬಿ. ವಕೀಲನನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ, ಫೋನಿನಲ್ಲೂ ಮಾತಾಡಿರಲಿಲ್ಲ. ಮಧುಗಿರಿಗೆ ಹೋಗಿ ಬರುತ್ತಿದ್ದದ್ದೆಲ್ಲ ಅಫ್ಸಾನಾ. ಆಕೆಯ ಬಾಯಿ ಅವರ ಕಿವಿಯ ಹತ್ತಿರ ಬಂದಿತು.

"ಸಾರ್," ಆಕೆ ಪಿಸುಗುಟ್ಟಿದಳು, "ಆವತ್ತು ಗಾಡಿ ಮೇಲೆ ಕೂತಿದ್ದು ಇದೇ ದನಿ."

ಮೇಜಿನ ಮೇಲಿನ ಫೋನಿನಿಂದ ಪ್ರಸನ್ನಕುಮಾರ್ ಅದೇ ಮೆತ್ತನೆಯ ದನಿಯಲ್ಲಿ ಕೇಳಿದ.

"ಸರ್? ಅಲ್ಲಿ ನಿಮ್ಮ ಜೊತೆ ಇನ್ನೂ ಯಾರಿದ್ದಾರೆ?"